ಶಾನುಭೋಗರು ಮನೆಯಲ್ಲಿಲ್ಲ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಗೂಡಿಗೂ ಬಟ್ಟೆಯ ಬೀರುವಿಗೂ ನಡುವೆ ಉಳಿದಿದ್ದ ಮೂರಡಿ ಜಾಗದಲ್ಲಿ ಒಂದು ಮೇಜಿದೆ. ಅದೇ ನನ್ನ ಕಚೇರಿ. 2020ರ ಯುಗಾದಿಯ ದಿನ, ಅಂದರೆ ಮಾರ್ಚ್ 25ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಇಪ್ಪತ್ತೊಂದು ದಿನದ ಮಾತು ತಾನೆ ಎಂದು ಅಮ್ಮನ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ಹಾಕಿಕೊಂಡ ಮೇಜು ಅದು. ರೋಗ ಹೋಯಿತು, ಮುಖಗವಸು ಹೋಯಿತು, ಮೇಜು ಮಾತ್ರ ಹೋಗಲಿಲ್ಲ. ಹೊಲಿಗೆ ಯಂತ್ರ ಇವತ್ತಿಗೂ ಮೂಲೆಯಲ್ಲಿಯೇ ಇದೆ.

ಬೆಂಗಳೂರಿನಲ್ಲಿದ್ದ ಕಾಲದಲ್ಲಿ ಸಿಲ್ಕ್ ಬೋರ್ಡ್ ವೃತ್ತವನ್ನು ಬೈಯದೆ ನಾನು ಒಂದು ದಿನವನ್ನೂ ಕಳೆದವನಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ, ಮುಂದಿನ ಲಾರಿಯ ಹಿಂಬದಿಯ ಬರಹವನ್ನು ಕಂಠಪಾಠವಾಗುವಷ್ಟು ಸಲ ಓದುತ್ತ, ಆಯುಷ್ಯವೆಲ್ಲ ಇಲ್ಲಿಯೇ ಸವೆಯಿತಲ್ಲ ಎಂದು ಮರುಗಿದವನು. ಈಗ ಅನ್ನಿಸುತ್ತದೆ, ಆ ವೃತ್ತ ನನಗೊಂದು ಹೊಸ್ತಿಲಾಗಿತ್ತು. ಬೆಳಿಗ್ಗೆ ಮನೆಯ ಯಜಮಾನ ನೌಕರನಾಗುವುದಕ್ಕೆ ಒಂದು ಗಂಟೆ, ಸಂಜೆ ನೌಕರ ಮರಳಿ ಮನುಷ್ಯನಾಗುವುದಕ್ಕೆ ಒಂದೂಕಾಲು ಗಂಟೆ ಅಲ್ಲಿ ಸಿಗುತ್ತಿತ್ತು. ಮೇಲಧಿಕಾರಿಯ ಮೇಲಿನ ಸಿಟ್ಟನ್ನು ಆಟೋದವರ ಮೇಲೆ ತೀರಿಸಿಕೊಂಡು ಮನೆಗೆ ಬರುವಷ್ಟರಲ್ಲಿ ನಾನು ತಕ್ಕಮಟ್ಟಿಗೆ ಸಾಧುವಾಗಿರುತ್ತಿದ್ದೆ. ಈಗ ಆ ಸಿಟ್ಟನ್ನು ಎರಡು ಹೆಜ್ಜೆ ನಡೆದು ಊಟದ ತಟ್ಟೆಯ ಮುಂದೆಯೇ ತಂದು ಕೂರಿಸುತ್ತೇನೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬ ರೂಪದಲ್ಲಿ ಅದು ಹೊರಬೀಳುತ್ತದೆ.

ಮನೆಯವರಿಗೂ ಇದು ಅಭ್ಯಾಸವಾಗಿದೆ. ಐದು ನಿಮಿಷ ಮೌಸ್ ಅಲುಗದಿದ್ದರೆ ಪರದೆಯ ಮೇಲೆ ನನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಗೆ ತಿರುಗುತ್ತದೆ. ಆಗ ನಾನು ಕುರ್ಚಿಯಲ್ಲಿಲ್ಲವೆಂಬುದು ಸಹೋದ್ಯೋಗಿಗಳಿಗೆಲ್ಲ ಗೊತ್ತಾಗುತ್ತದೆ. ಒಮ್ಮೆ ನಾನು ತೆಂಗಿನಕಾಯಿ ಸುಲಿಯಲು ಹಿತ್ತಲಿಗೆ ಹೋಗಿದ್ದಾಗ, ಎಪ್ಪತ್ತೆರಡರ ಅಮ್ಮ, 'ಲೋ, ನಿನ್ನ ಚುಕ್ಕೆ ಹಳದಿಯಾಯ್ತು ಕಣೋ' ಎಂದು ಗಾಬರಿಯಿಂದ ಕೂಗಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ತಾನೇ ಮೌಸನ್ನು ಅಲುಗಿಸಿ ಮಗನ ಮಾನ ಕಾಪಾಡಿದಳು. ಅಂದು ಸಂಬಳವನ್ನು ಹಂಚಿಕೊಳ್ಳಬೇಕಿತ್ತು.

ಇನ್ನು ನಮ್ಮ ರಾತ್ರಿಯೂಟದ ಸಮಯವನ್ನು ನಿರ್ಧರಿಸುವುದು ಅಮೆರಿಕ. ನ್ಯೂಯಾರ್ಕಿನವರ ಬೆಳಗಿನ ಹತ್ತೂವರೆಯ ಸಭೆ ನಮಗೆ ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಬೀಳುತ್ತದೆ. ನವೆಂಬರ್‌ನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಅದೇ ಸಭೆ ಒಂಬತ್ತಕ್ಕೆ ಸರಿಯುತ್ತದೆ, ಮತ್ತೆ ಮಾರ್ಚ್‌ನಲ್ಲಿ ಎಂಟಕ್ಕೆ ಮರಳುತ್ತದೆ. ಸೂರ್ಯ ದಕ್ಷಿಣಾಯನದಲ್ಲಿದ್ದಾನೋ ಉತ್ತರಾಯಣದಲ್ಲಿದ್ದಾನೋ ಎಂದು ಪಂಚಾಂಗ ನೋಡುತ್ತಿದ್ದ ಮನೆಯಲ್ಲಿ ಈಗ ಅಮ್ಮ, 'ಅವರ ಗಡಿಯಾರ ಬದಲಾಯ್ತೇನೋ?' ಎಂದು ಕೇಳಿ ಅನ್ನಕ್ಕಿಡುತ್ತಾಳೆ.

ನನ್ನ ಹೆಂಡತಿ ಅಧ್ಯಾಪಕಿ. ಅವಳೂ ಉತ್ತರಪತ್ರಿಕೆಗಳನ್ನು ಮನೆಗೆ ತರುತ್ತಾಳೆ. ಆದರೆ ಆ ಕಟ್ಟಿಗೊಂದು ದಾರವಿದೆ, ಲೆಕ್ಕವಿದೆ. ಐವತ್ತೆರಡು ಪತ್ರಿಕೆ ತಿದ್ದಿ ದಾರ ಬಿಗಿದರೆ ಮುಗಿಯಿತು. ನನ್ನ ಕೆಲಸಕ್ಕೆ ದಾರವಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ಮುಚ್ಚುವುದೂ ಇಲ್ಲ, ಬರಿದೆ ನಿದ್ದೆ ಹೋಗುತ್ತದೆ, ಅದೂ ಕೋಳಿನಿದ್ದೆ.

ಮನೆಯಿಂದಲೇ ಕೆಲಸ ಮಾಡುವುದು ನಮ್ಮ ವಂಶಕ್ಕೆ ಹೊಸದಲ್ಲ. ನನ್ನ ಅಜ್ಜ ಹಾಸನ ಸೀಮೆಯ ಒಂದು ಹಳ್ಳಿಯ ಶಾನುಭೋಗರಾಗಿದ್ದರು. 1963ರ ಫೆಬ್ರುವರಿಯಲ್ಲಿ ಸರ್ಕಾರ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೆಲ್ಲ ರದ್ದು ಮಾಡುವವರೆಗೆ ಪಹಣಿ, ಖಾತೆ, ಕಿರ್ದಿಗಳೆಲ್ಲ ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿಯೇ ಇರುತ್ತಿದ್ದವು. ಕಚೇರಿಯೆಂದರೆ ಜಗಲಿ, ಒಂದು ಚಾಪೆ, ಇಳಿಜಾರಿನ ಗಿಡ್ಡ ಮೇಜು. ಅಜ್ಜ ಬೆಳಿಗ್ಗೆ ಬರಿಮೈಯಲ್ಲಿ ಪೂಜೆ ಮುಗಿಸಿ, ರೊಟ್ಟಿ ತಿಂದು, ಗೂಟದಲ್ಲಿದ್ದ ಕರಿಕೋಟು ತೊಟ್ಟು, ರುಮಾಲು ಸುತ್ತಿ, ಹೊಸ್ತಿಲು ದಾಟಿ ತಮ್ಮದೇ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದರಂತೆ. ಹೋಗಿ ಬರುತ್ತೇನೆ ಎಂದು ಅಜ್ಜಿಗೆ ಹೇಳಿಯೇ ಹೋಗುತ್ತಿದ್ದರಂತೆ! ಹೋಗುವ ದೂರ ಆರಡಿ. ಜಗಲಿಯ ಮೇಲಿದ್ದಾಗ ಒಳಗಿನಿಂದ ಮಗು ಅತ್ತರೂ ತಿರುಗಿ ನೋಡುತ್ತಿರಲಿಲ್ಲ. ಕೋಟು ಗೂಟಕ್ಕೇರಿದ ಮೇಲೆ ಪಟೇಲರೇ ಬಂದರೂ ಲೆಕ್ಕದ ಮಾತಿಲ್ಲ. ಹೊತ್ತು ಮುಳುಗಿದ ಮೇಲೆ ಯಾರೋ ರೈತ ಬಂದು, 'ಶಾನುಭೋಗರೇ, ಸ್ವಲ್ಪ ಪಹಣಿ ನೋಡಿ' ಎಂದರೆ, ಬರಿಮೈಯ ಅಜ್ಜ ಬಾಗಿಲಲ್ಲಿ ನಿಂತು, 'ಶಾನುಭೋಗರು ಮನೆಯಲ್ಲಿಲ್ಲ, ನಾಳೆ ಬಾ' ಎನ್ನುತ್ತಿದ್ದರಂತೆ. ರೈತನೂ ಸರಿ ಎಂದು ಹೋಗುತ್ತಿದ್ದನಂತೆ. ಈ ನಾಟಕದಲ್ಲಿ ಇಬ್ಬರಿಗೂ ನಂಬಿಕೆಯಿದ್ದುದು ದೊಡ್ಡ ಸಂಗತಿ. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಕಂದಾಯದ ಲೆಕ್ಕ ತಪಾಸಣೆ ಮಾಡುವ ಜಮಾಬಂದಿ ಬಂದಾಗ ಮಾತ್ರ ಅಜ್ಜನ ನೇಮವೂ ಮುರಿಯುತ್ತಿತ್ತು; ಲಾಂದ್ರ ಉರಿಸಿಕೊಂಡು ನಡುರಾತ್ರಿಯವರೆಗೆ ಬರೆಯುತ್ತಿದ್ದರಂತೆ, ಆದರೆ ಆಗಲೂ ಮೈಮೇಲೆ ಕೋಟಿರುತ್ತಿತ್ತು.

ಕೆಲಸದ ಹೊತ್ತು ಮೀರಿದ ಮೇಲೆ ನೌಕರನನ್ನು ಅವನ ಪಾಡಿಗೆ ಬಿಡಬೇಕೆಂಬ ಕಾನೂನುಗಳು ಈಗ ಬಂದಿವೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಅದು ನೌಕರನ ಹಕ್ಕು. ನಮ್ಮ ಲೋಕಸಭೆಯಲ್ಲಿಯೂ 2018ರಲ್ಲಿ ಸುಪ್ರಿಯಾ ಸುಳೆಯವರು ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು. ಖಾಸಗಿ ಮಸೂದೆಗಳು ಕಾನೂನಾಗುವುದು ಅಪರೂಪ, ಇದೂ ಆಗಲಿಲ್ಲ. ಬರಬೇಕಾದ ಕಾನೂನೇ, ಸಂಶಯವಿಲ್ಲ. ಆದರೆ ರಾತ್ರಿ ಹತ್ತಕ್ಕೆ ಯಾರೂ ಕರೆಯದಿದ್ದರೂ, ಹಾಸಿಗೆಯಲ್ಲಿ ಮಗ್ಗುಲಾಗಿ ಮೊಬೈಲು ತೆರೆದು ಯಾರಾದರೂ ಕರೆದಿದ್ದಾರೆಯೇ ಎಂದು ನೋಡುವ ನನ್ನ ಹೆಬ್ಬೆರಳಿಗೆ ಯಾವ ಸಂಸತ್ತು ತಾನೆ ಕಾನೂನು ಮಾಡೀತು?

ಹಾಗಾಗಿ ಅಜ್ಜನ ದಾರಿ ಹಿಡಿದು ನೋಡೋಣವೆಂದು ಕಳೆದ ಶ್ರಾವಣದಲ್ಲಿ ಹೊರಟೆ. ಕೆಲಸಕ್ಕೆಂದೇ ಒಂದು ನೀಲಿ ಅಂಗಿಯನ್ನು ಗೊತ್ತು ಮಾಡಿಕೊಂಡೆ. ಸಂಜೆ ಏಳಕ್ಕೆ ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿ ಬೀರುವಿನಲ್ಲಿಟ್ಟು, ನೀಲಿ ಅಂಗಿಯಲ್ಲಿಯೇ ಮುಂಬಾಗಿಲಿನಿಂದ ಹೊರಟು, ನಂದಿನಿ ಬೂತಿನವರೆಗೆ ನಡೆದು, ಅರ್ಧ ಲೀಟರ್ ಹಾಲು ಹಿಡಿದುಕೊಂಡು ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಂಗಿಯನ್ನು ಗೂಟಕ್ಕೆ ಹಾಕುತ್ತಿದ್ದೆ. ಮೊದಲ ದಿನ ಅಮ್ಮ ನಕ್ಕಳು. ಮೂರನೆಯ ದಿನ, 'ಬಂದ್ಯಾ? ಕಾಫಿ ಕೊಡ್ಲಾ?' ಎಂದಳು. ಹಗಲೆಲ್ಲ ಎಂಟಡಿ ದೂರದಲ್ಲಿ ಕೂತಿದ್ದವನನ್ನು ಅವಳು ಹಾಗೆ ಕೇಳಿದಾಗ ನಾನು ನಿಜಕ್ಕೂ ಎಲ್ಲಿಂದಲೋ ಬಂದೆನೆಂದೇ ಅನ್ನಿಸಿತು. ರಾತ್ರಿಯ ಸಭೆ ಇರುವ ದಿನ ಅಂಗಿಯನ್ನು ಮತ್ತೆ ತೊಡುತ್ತೇನೆ. ಅದು ನನ್ನ ಜಮಾಬಂದಿ.

ಮೊಬೈಲಿಗೆ ಮಾತ್ರ ಗೂಟ ಸಿಕ್ಕಿಲ್ಲ. ಮೊನ್ನೆ ಸಭೆಯಿಲ್ಲದ ರಾತ್ರಿ, ಅಜ್ಜನ ಕಥೆಯನ್ನು ಮಗಳಿಗೆ ಹೇಳಿ ಮುಗಿಸಿ ಊಟಕ್ಕೆ ಕೂತಿದ್ದೆ. ಫೋನು ಬಡಿದುಕೊಂಡಿತು. ನನ್ನ ಕೈ ತಟ್ಟೆಯಲ್ಲಿತ್ತು. ಎಂಟು ವರ್ಷದ ಮಗಳು ಫೋನೆತ್ತಿ, ಗಂಟಲು ಸರಿಮಾಡಿಕೊಂಡು, 'ಶಾನುಭೋಗರು ಮನೆಯಲ್ಲಿಲ್ಲ, ನಾಳೆ ಬನ್ನಿ' ಎಂದಳು. ಆ ಕಡೆಯವರಿಗೆ ಕನ್ನಡ ಬಾರದು. ಅಮ್ಮ, ಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು. ನಾನು ಎಡಗೈ ಚಾಚಿ ಫೋನು ತೆಗೆದುಕೊಂಡು, 'ಯೆಸ್, ಟೆಲ್ ಮಿ' ಎಂದೆ.