ಕೇಸು ಗೆಲ್ಲುವುದಷ್ಟೇ ಪಾಲಿಕೆಯ ವಕೀಲರ ಕೆಲಸವಲ್ಲ

ಪಾಲಿಕೆಯೋ ನಗರಸಭೆಯೋ ಹೊರಗಿನ ವಕೀಲರನ್ನು ನೇಮಿಸಿಕೊಂಡರೆ ಜನ ಮೊದಲು ಕೇಳುವುದು "ಫೀಸು ಎಷ್ಟು?" ಅಂತ. ಸರಿಯಾದ ಪ್ರಶ್ನೆಯೇ. ಆದರೆ ಆ ಫೀಸು ಯಾವ ಷರತ್ತಿನ ಮೇಲೆ ನಿಂತಿದೆ, ಕೇಸಿನ ಲಗಾಮು ಯಾರ ಕೈಯಲ್ಲಿದೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಕರೋನಾ ನಗರದ ಪ್ರಕರಣ ನೋಡಿ. ವಯಸ್ಕರಿಗೆಂದೇ ಲೈಂಗಿಕ ಪುಸ್ತಕ ಮಾರುವ ಅಂಗಡಿಯೊಂದರ ವಿರುದ್ಧ ಸಾರ್ವಜನಿಕ ಉಪದ್ರವದ, ಅಂದರೆ ಊರ ಜನರಿಗೆ ತೊಂದರೆ ಎಂಬ, ದಾವೆ ಹೂಡಲು ಅಲ್ಲಿನ ಆಡಳಿತ ಖಾಸಗಿ ವಕೀಲರೊಬ್ಬರನ್ನು ಗೊತ್ತುಮಾಡಿತು. ಗಂಟೆಗೆ 60 ಡಾಲರ್, ಸೋತರೆ 30. ನೋಡಲು ಚೌಕಾಶಿ ಮಾಡಿ ಉಳಿಸಿದ ಹಣ! ಆದರೆ 1985ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ವಕೀಲರನ್ನೇ ಕೇಸಿನಿಂದ ಹೊರಗಿಟ್ಟಿತು. ಸರ್ಕಾರದ ಹೆಸರಿನಲ್ಲಿ ಒಬ್ಬರ ಅಂಗಡಿ ಮುಚ್ಚಿಸಲು ನಿಂತವರಿಗೆ ಫಲಿತಾಂಶದಲ್ಲಿ ಸ್ವಂತ ಲಾಭ ಇರಕೂಡದು ಎಂಬುದೇ ಕಾರಣ. ಆ ತೀರ್ಪು ನನಗೆ ಪೂರ್ತಿ ಒಪ್ಪಿಗೆ. ಎದುರಿಗಿರುವವರೂ ಅದೇ ಊರಿನ ಪ್ರಜೆ. ಅವರ ವಾದದಲ್ಲಿ ಹುರುಳಿದೆ ಅನ್ನಿಸಿದರೆ ದಾವೆ ಹಿಂತೆಗೆದುಕೊಳ್ಳಿ ಎಂದು ಹೇಳುವ ಧೈರ್ಯ ವಕೀಲರಿಗೆ ಇರಬೇಕು. ಹಾಗೆ ಹೇಳಿದರೆ ಫೀಸು ಅರ್ಧಕ್ಕಿಳಿಯುತ್ತದೆ ಎಂದಾದರೆ ಯಾರು ಹೇಳುತ್ತಾರೆ?

2010ರಲ್ಲಿ ಅದೇ ಕೋರ್ಟ್ ಸ್ವಲ್ಪ ಸಡಿಲಿಸಿತು. ಸೀಸ ಬೆರೆತ ಪೇಂಟಿನ ಕಂಪನಿಗಳ ಮೇಲೆ ಸಾಂಟಾ ಕ್ಲಾರಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತಿತರ ಸ್ಥಳೀಯ ಸರ್ಕಾರಗಳು ದಾವೆ ಹೂಡಿದ್ದವು. ಹೊರಗಿನ ವಕೀಲರಿಗೆ ಗೆದ್ದರೆ ಮಾತ್ರ ಫೀಸು ಎಂಬ ಕರಾರನ್ನು ಕೋರ್ಟ್ ಒಪ್ಪಿತು. ಆದರೆ ಕೇಸಿನ ಲಗಾಮು ಸರ್ಕಾರದ ಸ್ವಂತ ವಕೀಲರ ಕೈಯಲ್ಲೇ ಇರಬೇಕು, ರಾಜಿಯ ತೀರ್ಮಾನ ಅವರದೇ ಆಗಿರಬೇಕು ಎಂದಿತು. ಎದುರು ಪಕ್ಷದವರು ಹೊರಗಿನ ವಕೀಲರನ್ನು ಬಿಟ್ಟು ನೇರವಾಗಿ ಸರ್ಕಾರಿ ವಕೀಲರ ಜೊತೆ ಮಾತಾಡಬಹುದು ಎಂಬುದು ಇನ್ನೊಂದು ಷರತ್ತು. ನನಗೆ ಬಹಳ ಹಿಡಿಸಿದ್ದು ಇದು. ರಾಜಿಯ ಮಾತು ಫೀಸಿನ ಆಸೆ ಇರುವವರ ಕೈಯಲ್ಲೇ ಸಿಕ್ಕಿಬೀಳುವುದಿಲ್ಲ. ಕೈಯಲ್ಲಿ ಕಾಸಿಲ್ಲದ ಸಂಸ್ಥೆ ದೈತ್ಯ ಕಂಪನಿಯನ್ನು ಎದುರಿಸಲು ಇಂಥ ಕರಾರು ಬೇಕಾಗಬಹುದು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಭಾರತದಲ್ಲಿ ವಕೀಲರ ನಡತೆಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ ನಿಯಮವೇ ಗೆಲುವಿಗೆ ಕಟ್ಟಿದ ಫೀಸನ್ನು ನಿಷೇಧಿಸಿದೆ. ಹಾಗಂತ ನೆಮ್ಮದಿ ಇಲ್ಲ. ಒಂದು ವಿಷಯದಲ್ಲಿ ಒಬ್ಬರ ಪರ ನಿಂತ ವಕೀಲರು ಅದೇ ವಿಷಯದಲ್ಲಿ ಅವರ ಎದುರಾಳಿಯ ಪರ ನಿಲ್ಲುವಂತಿಲ್ಲ ಎಂದು ನಿಯಮ ಹೇಳುತ್ತದೆ. ಆದರೆ ಬಿಲ್ಡರ್ ಪರ ಪಾಲಿಕೆಯ ವಿರುದ್ಧ ವಾದಿಸುತ್ತಿರುವವರು ಬೇರೊಂದು ಫೈಲಿನಲ್ಲಿ ಅದೇ ಪಾಲಿಕೆಗೆ ಸಲಹೆ ಕೊಟ್ಟರೆ? ಸ್ಥಳೀಯ ಸಂಸ್ಥೆಗಳಿಗೆ ಇನ್ನೂ ಬಿಗಿಯಾದ ನಿಯಮ ಬೇಕು ಅನ್ನುವುದು ಇದಕ್ಕೇ.

ನೇಮಕದ ವಿಚಾರವೂ ಹಾಗೆಯೇ. ಸರ್ಕಾರಿ ವಕೀಲರ ನೇಮಕ ಮನಬಂದಂತೆ ನಡೆಯಬಾರದು, ಪಾರದರ್ಶಕವಾಗಿರಬೇಕು ಎಂದು ಪಂಜಾಬ್, ಹರಿಯಾಣಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ನಗರಸಭೆಯ ವಕೀಲರ ಪ್ಯಾನೆಲ್‌ಗೆ ಮಾತ್ರ ಯಾಕೆ ವಿನಾಯಿತಿ? ಅಧ್ಯಕ್ಷರ ಪರಿಚಯಸ್ಥರು ಎಂಬುದು ಅರ್ಹತೆಯಲ್ಲ. ಅಲ್ಲಿ ಕಕ್ಷಿದಾರ ಸಂಸ್ಥೆಯೇ ಹೊರತು ಅಧ್ಯಕ್ಷರಲ್ಲ.

ಬಿಲ್ಲಿನಲ್ಲಿ "ಕಡತ ಪರಿಶೀಲನೆ, 6 ಗಂಟೆ" ಎಂದಷ್ಟೇ ಬರೆದಿದ್ದರೆ ಯಾವ ಕಡತ, ಯಾರು ನೋಡಿದರು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇರಬೇಕು. ವಾದದ ತಂತ್ರ ಗುಟ್ಟಾಗಿರಲಿ, ಕೊಟ್ಟ ಹಣ ಯಾಕೆ ಗುಟ್ಟು? ಕರಾರುಪತ್ರ, ಆ ವಕೀಲರು ಸಂಸ್ಥೆಯ ವಿರುದ್ಧ ನಡೆಸುತ್ತಿರುವ ಕೇಸುಗಳ ಪಟ್ಟಿ, ರಾಜಿಗೆ ಒಪ್ಪಿಗೆ ಕೊಡುವ ಅಧಿಕಾರಿ ಯಾರು ಎಂಬ ವಿವರ ಇವು ಮೂರೂ ಸಭೆಯ ಮುಂದೆ ಬರುವ ತನಕ ನೇಮಕದ ಠರಾವಿಗೆ ಯಾವ ಸದಸ್ಯರೂ ಕೈ ಎತ್ತಬಾರದು.