ಸಮುದ್ರದಲ್ಲಿ ನೀರಿಗೇನು ಬರವೇ?

ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಯುವಕರ ಕೂಟದಲ್ಲಿ ನಾಲ್ಕು ಮಾತನಾಡಲು ನನ್ನನ್ನು ಕರೆದಿದ್ದರು. ವಿಷಯ, ವ್ಯಾಪಾರದಲ್ಲಿ ಕ್ರೈಸ್ತ ಪಾರುಪತ್ಯ, ಅಂದರೆ ದೇವರು ಒಪ್ಪಿಸಿದ್ದನ್ನು ಆತನ ಪರವಾಗಿ ನೋಡಿಕೊಳ್ಳುವುದು. ಕಾರವಾರದ ಬೈತಖೋಲದಲ್ಲಿ ಐಸ್ ಪ್ಲಾಂಟ್ ನಡೆಸುವವಳು, ಕರೆದರೆ ಬರುತ್ತಾಳೆ, ಬಸ್ಸಿನ ಖರ್ಚೂ ಇಲ್ಲ ಎಂದುಕೊಂಡಿರಬೇಕು. ಹದಿನೈದು ನಿಮಿಷ ಏನೇನೋ ಹೇಳಿದೆ. ಹೇಳಬೇಕಾಗಿದ್ದದ್ದು ಮಾತ್ರ ಮನೆಗೆ ಬಂದು ಬಂಗುಡೆ ಸಾರಿಗೆ ಕಾಯಿ ತುರಿಯುವಾಗ ನೆನಪಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗಿದೆ, ಬಿಡುವಿದ್ದವರು ಓದಿ.

ಪಾರುಪತ್ಯ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ದೇವಸ್ಥಾನದ ಕಚೇರಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಹಳೆಯ ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಇನ್ನೊಂದು ಮಾತಿದೆ: ಮನೆವಾರ್ತೆಯವನು. ಲೂಕನ ಸುವಾರ್ತೆಯಲ್ಲಿ ಬರುತ್ತದೆ, ಪೇತ್ರನ ಪತ್ರದಲ್ಲಿ ಬರುತ್ತದೆ. ಮೂಲದ ಗ್ರೀಕ್ ಶಬ್ದ ಓಯ್ಕೊನೊಮೋಸ್, ಅಂದರೆ ಮನೆಯನ್ನು ನೋಡಿಕೊಳ್ಳುವವನು. ಎಕಾನಮಿ ಎಂಬ ದೊಡ್ಡ ಶಬ್ದ ಹುಟ್ಟಿದ್ದೂ ಅದೇ ಬೇರಿನಿಂದ. ಅಪ್ಪ ತೀರಿಕೊಂಡ ಮೇಲೆ ನಾನು ಪ್ಲಾಂಟಿನ ಗಲ್ಲಾದ ಮುಂದೆ ಕುಳಿತಾಗ, “ಹೆಂಗಸಿಗೆ ಇದೆಲ್ಲ ಯಾಕೆ, ಮನೆವಾರ್ತೆ ನೋಡಿಕೊಂಡಿದ್ದರೆ ಸಾಕಿತ್ತು” ಎಂದವರು ಇದ್ದರು. ಅವರು ಹೇಳಿದ್ದು ಅಕ್ಷರಶಃ ವೇದವಾಕ್ಯ ಎಂಬುದು ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಈ ವಿಷಯ ಎತ್ತಿದರೆ ಮಾತು ನೇರವಾಗಿ ದಾನಕ್ಕೆ ಹೋಗುತ್ತದೆ. ಯಾರು ಬೆಂಚು ಕೊಟ್ಟರು, ಯಾರು ಹಬ್ಬದ ಊಟದ ಖರ್ಚು ವಹಿಸಿಕೊಂಡರು. ಕೊಡುವುದು ಒಳ್ಳೆಯದೇ, ನಾನೂ ಕೊಟ್ಟಿದ್ದೇನೆ, ಬೆಂಚಿನ ಹಿಂದೆ ಅಪ್ಪನ ಹೆಸರೂ ಇದೆ. ಆದರೆ ಹತ್ತರಲ್ಲಿ ಒಂದನ್ನು ದೇವರಿಗೆ ಕೊಟ್ಟ ಮೇಲೆ ಉಳಿದ ಒಂಬತ್ತು ನಮ್ಮಪ್ಪನ ಗಂಟು ಎಂಬಂತೆ ನಡೆದುಕೊಳ್ಳುತ್ತೇವಲ್ಲ, ನನ್ನ ತಕರಾರು ಅದರ ಮೇಲೆ. ಭೂಮಿಯೂ ಅದರಲ್ಲಿರುವುದೆಲ್ಲವೂ ಆತನದು ಎಂದು ಇಪ್ಪತ್ತನಾಲ್ಕನೆಯ ಕೀರ್ತನೆ ಹೇಳುವಾಗ ಒಂಬತ್ತನ್ನು ಪಕ್ಕಕ್ಕೆ ಎತ್ತಿಟ್ಟಿಲ್ಲ. ಲೆಕ್ಕ ಒಪ್ಪಿಸಬೇಕಾದದ್ದು ಆ ಒಂಬತ್ತಕ್ಕೂ ಸೇರಿ.

ಮತ್ತಾಯನ ಸುವಾರ್ತೆಯ ತಲಾಂತುಗಳ ಸಾಮತಿಯನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಎಲ್ಲರೂ ಕೇಳಿದ್ದೇವೆ. ಐದು, ಎರಡು, ಒಂದು ಎಂದು ಯಜಮಾನ ತನ್ನ ಹಣವನ್ನು ಆಳುಗಳಿಗೆ ಹಂಚಿ ಹೋಗುತ್ತಾನೆ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಅದೇ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಆಳಿನ ದಿನದ ಕೂಲಿ ಒಂದು ದಿನಾರಿ. ವರ್ಷಕ್ಕೆ ಮುನ್ನೂರು ದಿನ ಕೆಲಸ ಎಂದು ಹಿಡಿದರೂ ಒಂದು ತಲಾಂತು ಎಂದರೆ ಒಬ್ಬ ಆಳಿನ ಇಪ್ಪತ್ತು ವರ್ಷದ ದುಡಿಮೆ. ಬಂಡವಾಳವನ್ನು ಹೀಗೆ ಆಳಿನ ವರ್ಷಗಳಲ್ಲಿ ಎಣಿಸುವುದನ್ನು ಕಲಿತ ಮೇಲೆ ನನ್ನ ಪ್ಲಾಂಟಿನ ಕಂಪ್ರೆಸರ್ ನನಗೆ ಬೇರೆಯಾಗಿಯೇ ಕಾಣುತ್ತಿದೆ.

ಈಗ ಕೂಟದಲ್ಲಿ ಹೇಳಲು ಬಾಯಿ ಬರದ ಸಂಗತಿ.

ಐಸ್ ಮಾಡುವುದು ಹೀಗೆ: ದೊಡ್ಡ ಟ್ಯಾಂಕಿನಲ್ಲಿ ಉಪ್ಪುನೀರು, ಅಮೋನಿಯಾ ಅದನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೆ ಇಳಿಸುತ್ತದೆ. ಅದರೊಳಗೆ ಸಿಹಿನೀರು ತುಂಬಿದ ಕ್ಯಾನುಗಳನ್ನು ಇಳಿಬಿಡುತ್ತೇವೆ. ನಮ್ಮದು ಐವತ್ತು ಕಿಲೋದ ಅಚ್ಚು, ಅಂದರೆ ಐಸ್ ಗಡ್ಡೆ. ಕ್ಯಾನಿನ ಗೋಡೆಗೆ ತಾಗಿದ ನೀರು ಮೊದಲು ಹೆಪ್ಪುಗಟ್ಟುತ್ತದೆ, ಆಮೇಲೆ ಒಳಗೊಳಗೆ ಹೋಗುತ್ತದೆ, ನಡುವಿನದು ಎಲ್ಲಕ್ಕಿಂತ ಕೊನೆಗೆ. ಪೂರ್ತಿ ಗಟ್ಟಿಯಾಗಲು ನಮ್ಮಲ್ಲಿ ಹದಿನೆಂಟು ಗಂಟೆ ಬೇಕು. ಹದಿನಾಲ್ಕು ಗಂಟೆಗೆ ಎತ್ತಿದರೂ ಹೊರಗಿನಿಂದ ನೋಡಿದವನಿಗೆ ಅದು ಅಚ್ಚೇ. ತೂಕವೂ ಸರಿಯಾಗಿಯೇ ಇರುತ್ತದೆ. ಹೊಟ್ಟೆಯಲ್ಲಿ ಮಾತ್ರ ನೀರು.

ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟ್. ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಒಮ್ಮೆಲೇ ಇಳಿಯುವ ಹೊತ್ತು. ಐಸಿಗೆ ರಾತ್ರಿಯಿಡೀ ಸಾಲು. ನಾನು ಹದಿನಾಲ್ಕು ಗಂಟೆಗೇ ಎತ್ತಿಸಿದೆ. ಒಂದು ದಿನವಲ್ಲ, ಆರು ದಿನ. ಯಾರೂ ಕೇಳಲಿಲ್ಲ, ಕೇಳಲು ಯಾರಿಗೂ ಪುರಸೊತ್ತು ಇರಲಿಲ್ಲ. ಮುಂದಿನ ವಾರ ಒಬ್ಬ ತಾಂಡೇಲರು, ಅಂದರೆ ಬೋಟು ನಡೆಸುವವರು, ಬಂದರು, ಅಪ್ಪನ ಕಾಲದ ಗಿರಾಕಿ. ಬೈಯಲಿಲ್ಲ. ಗಲ್ಲಾದ ಮೇಲೆ ಕೈಯೂರಿ ನಿಂತು, “ತಂಗೀ, ದುಡ್ಡು ಕೊಟ್ಟು ನಿನ್ನ ಹತ್ತಿರ ನೀರು ಒಯ್ದೆ ನಾನು. ಸಮುದ್ರದಲ್ಲಿ ನೀರಿಗೇನು ಬರವೇ?” ಎಂದರು. ಅವರ ಬೋಟಿನ ಮೀನು ದಕ್ಕೆಗೆ ಬರುವಷ್ಟರಲ್ಲಿ ಮೆತ್ತಗಾಗಿ ಅರ್ಧ ಬೆಲೆಗೆ ಹೋಗಿತ್ತು. ಎರಡು ಸೀಸನ್ ಅವರು ನಮ್ಮ ಕಡೆ ತಲೆ ಹಾಕಲಿಲ್ಲ.

ಅದೇ ಆಗಸ್ಟ್ ತಿಂಗಳ ಲಾಭದಿಂದ ನಾನು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದ ಹೊಸ ತೆನೆಯ ಊಟಕ್ಕೆ ಸಾಕಷ್ಟು ದೊಡ್ಡ ಮೊತ್ತ ಕೊಟ್ಟಿದ್ದೆ. ಮೈಕಿನಲ್ಲಿ ಹೆಸರೂ ಹೇಳಿದ್ದರು.

ಧರ್ಮೋಪದೇಶಕಾಂಡದಲ್ಲಿ ಚೀಲದೊಳಗೆ ಎರಡು ಬಗೆಯ ತೂಕದ ಕಲ್ಲು, ಮನೆಯಲ್ಲಿ ಎರಡು ಬಗೆಯ ಅಳತೆ ಇಟ್ಟುಕೊಳ್ಳಬೇಡ ಎಂದಿದೆ. ಈ ಮಾತು ನನ್ನ ಅಜ್ಜನಿಗೆ ಯಾವ ಪಾದ್ರಿಯೂ ವಿವರಿಸಬೇಕಾಗಿರಲಿಲ್ಲ. ಅಜ್ಜ ಗೇಣಿ ಒಕ್ಕಲು. ಒಡೆಯರ ಮನೆಯವರು ಗೇಣಿ ಅಳೆಯಲು ತರುವ ಕೊಳಗ ಒಂದು, ಮಳೆಗಾಲದಲ್ಲಿ ಸಾಲದ ಭತ್ತ ಅಳೆದುಕೊಡುವ ಕೊಳಗ ಇನ್ನೊಂದು ಎಂದು ಅವನು ಸಾಯುವ ತನಕ ಹೇಳುತ್ತಿದ್ದ. ಕೊಳಗ ಹಿಡಿದು ಬರುತ್ತಿದ್ದವನು ಒಡೆಯನಲ್ಲ, ಒಡೆಯನ ಪರವಾಗಿ ಮನೆವಾರ್ತೆ ನೋಡುವವನು! 1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಅರ್ಜಿ ಕೊಟ್ಟು, ಆ ಗದ್ದೆ ಅಜ್ಜನ ಹೆಸರಿಗಾಯಿತು. ಹೀಗಾಗಿ “ಒಡೆಯ ಮೇಲಿದ್ದಾನೆ, ನಾನು ಬರೀ ನೋಡಿಕೊಳ್ಳುವವನು” ಎಂದು ಯಾರಾದರೂ ವಿನಯದಿಂದ ಹೇಳಿದರೆ ನನ್ನ ರಕ್ತದಲ್ಲಿರುವ ಒಕ್ಕಲು ತಟ್ಟನೆ ಎದ್ದು ಕೂರುತ್ತಾನೆ. ಸಂಬಳ ಹೆಚ್ಚಿಸಿ ಎಂದು ಕೇಳಿದ ಆಳಿಗೆ “ನಾವೆಲ್ಲ ದೇವರ ಸೇವಕರು, ಲೋಭ ಬೇಡ” ಎಂದು ಉತ್ತರ ಕೊಟ್ಟ ಯಜಮಾನರೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಆಳಿಗೆ ಏನು ಅನ್ನಿಸಿರಬಹುದು ಎಂದು ಅಜ್ಜನನ್ನು ಕೇಳಿದ್ದರೆ ಹೇಳುತ್ತಿದ್ದ.

ಲೂಕನ ಹದಿನಾರನೆಯ ಅಧ್ಯಾಯದ ಆ ವಿಚಿತ್ರ ಮನೆವಾರ್ತೆಯವನು ಮಾತ್ರ ಅಜ್ಜನಿಗೆ ಖಂಡಿತ ಮೆಚ್ಚುಗೆಯಾಗುತ್ತಿದ್ದ. ಕೆಲಸ ಹೋಗುತ್ತದೆ ಎಂದು ತಿಳಿದಾಗ ಅವನು ಸಾಲಗಾರರನ್ನು ಕರೆದು ನೂರು ಅಳತೆ ಎಣ್ಣೆಯನ್ನು ಐವತ್ತು ಎಂದು ಬರೆಸುತ್ತಾನೆ, ನೂರು ಅಳತೆ ಗೋದಿಯನ್ನು ಎಂಬತ್ತು. ಯಜಮಾನ ಅವನನ್ನು ಹೊಗಳುತ್ತಾನೆ ಬೇರೆ. ಪಂಡಿತರು ಇದಕ್ಕೆ ನೂರೆಂಟು ಅರ್ಥ ಹೇಳುತ್ತಾರೆ. ನನಗೆ ಹೊಳೆಯುವುದು ಇಷ್ಟು: ಇಡೀ ಕಥೆಯಲ್ಲಿ ಲೆಕ್ಕದ ಪುಸ್ತಕ ಸಾಲಗಾರನ ಕಡೆಗೆ ವಾಲಿದ್ದು ಇದೊಂದೇ ಸಲ.

ನಮ್ಮ ಕರಾವಳಿಯಲ್ಲಿ ದೇವರ ಹೆಸರಿನಲ್ಲಿ ಕಾರ್ಖಾನೆ ನಡೆಸಿದ ದೊಡ್ಡ ಉದಾಹರಣೆ ಬಾಸೆಲ್ ಮಿಶನ್. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಅವರ ಹಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹಂಚು ಎಂಬ ಹೆಸರು ಊರೂರಿಗೆ ಹೋಯಿತು. ಮತಾಂತರವಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ಕೆಲಸ ಸಿಕ್ಕಿತು, ಲಾಭ ಮಿಶನ್ನಿನ ಕೆಲಸಕ್ಕೆ ಹೋಯಿತು. ಒಳ್ಳೆಯದೇ. ಆದರೆ ಧರ್ಮ ಹೇಳುವವನೂ ಕೂಲಿ ಕೊಡುವವನೂ ಒಂದೇ ಮನೆಯವರಾದರೆ ಕೂಲಿಯವನು ಜಗಳ ಆಡುವುದು ಯಾರ ಹತ್ತಿರ? ನನ್ನ ಪ್ಲಾಂಟಿನ ಆರು ಜನರಲ್ಲಿ ಕ್ರೈಸ್ತ ಒಬ್ಬನೇ. ಮೀಟರಿನ ಪಕ್ಕ ಮರಿಯಮ್ಮನ ಪಟವೂ ಇದೆ, ಗಣಪತಿಯದೂ ಇದೆ. ಊದುಬತ್ತಿ ಹಚ್ಚುವವನು ಇಬ್ಬರಿಗೂ ಒಂದರಲ್ಲೇ ಮುಗಿಸುತ್ತಾನೆ. ನಾನು ಅಲ್ಲಿ ಪ್ರಾರ್ಥನೆ ಮಾಡಿಸುವುದಿಲ್ಲ, ಸಂಬಳದ ದಿನವನ್ನು ತಪ್ಪಿಸುವುದಿಲ್ಲ.

ಸಂಬಳದ ಮಾತಿಗೆ ಬಂದರೆ ಜೂನ್ ಒಂದರಿಂದ ಜುಲೈ 31ರವರೆಗಿನ ನಿಷೇಧದ ಅರವತ್ತೊಂದು ದಿನಗಳ ಮಾತು ಬರಲೇಬೇಕು. ಯಾಂತ್ರೀಕೃತ ಬೋಟುಗಳು ದಡ ಸೇರಿದರೆ ಐಸಿನ ಗತಿ ಹೇಳುವುದೇ ಬೇಡ. ಅಪ್ಪನ ಕಾಲದ ಪದ್ಧತಿ ಸರಳವಾಗಿತ್ತು: ಮೇ ಕೊನೆಗೆ ಲೆಕ್ಕ ಮುಗಿಸು, ಆಗಸ್ಟಿನಲ್ಲಿ ಬಾ. ನಮ್ಮಲ್ಲಿ ಒಡಿಶಾದ ಇಬ್ಬರಿದ್ದಾರೆ. ಒಂದು ವರ್ಷ ಅವರಲ್ಲಿ ಕಿರಿಯವನು ಹೊರಡುವ ಮುನ್ನ, “ದೀದಿ, ಎರಡು ತಿಂಗಳು ಮನೆಯಲ್ಲಿ ಒಲೆ ಉರಿಯುವುದಕ್ಕೂ ನಿಷೇಧವಿದೆಯೇ?” ಎಂದು ನಗುತ್ತಲೇ ಕೇಳಿದ. ನಕ್ಕದ್ದರಿಂದ ಇನ್ನೂ ಚುಚ್ಚಿತು.

ಈಗ ಮಾರಿದ ಪ್ರತಿ ಅಚ್ಚಿಗೆ ಒಂದೂವರೆ ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತೇನೆ. ದಿನಕ್ಕೆ ನಾನೂರು ಅಚ್ಚು, ಮುನ್ನೂರು ದಿನ ನಡೆದರೆ ಒಂದು ಲಕ್ಷ ಎಂಬತ್ತು ಸಾವಿರ. ಆರು ಜನರಿಗೆ ತಲಾ ಹದಿನೈದು ಸಾವಿರದಂತೆ ಎರಡು ತಿಂಗಳಿಗೆ ಸರಿಹೋಗುತ್ತದೆ. ಇದು ದಾನವಲ್ಲ. ಊರಿಗೆ ಹೋಗಿ ಬಂದವರು ಆ ದಿನಗಳಲ್ಲಿ ಕ್ಯಾನಿನ ತುಕ್ಕು ಕೆರೆಯುತ್ತಾರೆ, ಬಣ್ಣ ಬಳಿಯುತ್ತಾರೆ, ಸಾಣಿಕಟ್ಟೆಯಿಂದ ಬಂದ ಉಪ್ಪಿನ ಮೂಟೆ ಹೊತ್ತು ಟ್ಯಾಂಕಿಗೆ ಸುರಿಯುತ್ತಾರೆ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಬಿದ್ದ ಮೇಲೆ ಅಮೋನಿಯಾ ಪೈಪು ಮತ್ತು ವಾಲ್ವುಗಳ ತಪಾಸಣೆಯನ್ನೂ ಈ ಪಟ್ಟಿಗೆ ಸೇರಿಸಿದೆ. ಆದಿಕಾಂಡದಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ನಮಗೆ ಮೊದಲನೆಯದು ಮಾತ್ರ ಬಾಯಿಪಾಠ.

ಲೆಕ್ಕ ಕಾಗದದ ಮೇಲೆ ಚೆಂದ. ಹೋದ ವರ್ಷದ ಹಿಂದಿನ ವರ್ಷ ಮೀನು ಕೈಕೊಟ್ಟಿತು, ಐಸ್ ಹೋಗಲಿಲ್ಲ, ಖಾತೆಯಲ್ಲಿ ಅರ್ಧವೂ ಇರಲಿಲ್ಲ. ಅರ್ಧ ಸಂಬಳ ಕೊಟ್ಟೆ. ಉಳಿದ ಅರ್ಧವನ್ನು ಆರು ಹೆಸರಿನ ಮುಂದೆ ನನ್ನ ಸಾಲ ಎಂದು ಬರೆದೆ. ನಾಲ್ಕು ಹೆಸರಿನದು ತೀರಿದೆ.

ಕೂಟದಲ್ಲಿ ಒಬ್ಬ ಹುಡುಗ, “ಆಂಟಿ, ಹೀಗೆಲ್ಲ ನಡೆಸಿದರೆ ಲಾಭ ಉಳಿಯುತ್ತದೆಯೇ?” ಎಂದು ಕೇಳಿದ್ದ. ದೇವರು ನೋಡಿಕೊಳ್ಳುತ್ತಾನೆ ಎಂದು ಜಾರಿಕೊಂಡೆ. ತಪ್ಪು. ಸರಿಯಾದ ಉತ್ತರ: ಉಳಿಯುತ್ತದೆ, ಪಕ್ಕದವರಿಗಿಂತ ಕಡಿಮೆ. ನಮ್ಮ ಅಚ್ಚಿಗೆ ಎರಡು ರೂಪಾಯಿ ಜಾಸ್ತಿ ಎಂದು ಬಿಟ್ಟುಹೋದ ಬೋಟುಗಳೂ ಇವೆ, ಅವು ವಾಪಸು ಬಂದಿಲ್ಲ.

ಆ ತಾಂಡೇಲರು ಬಂದಿದ್ದಾರೆ. ಮೂರನೆಯ ಸೀಸನ್ನಿಗೆ ಬಂದವರು ಮೊದಲ ಅಚ್ಚನ್ನು ನೆಲಕ್ಕೆ ಇಳಿಸಿ, ಸುತ್ತಿಗೆಯಿಂದ ನಡುವಿಗೆ ಹೊಡೆದು, ಬಗ್ಗಿ ಒಳಗೆ ನೋಡಿದರು. “ಎಂಬತ್ತು ಹಾಕು” ಎಂದರು, ಮತ್ತೇನೂ ಹೇಳಲಿಲ್ಲ. ಈಗಲೂ ಪ್ರತಿ ಸಲ ಬಂದಾಗ ಒಂದನ್ನು ಒಡೆದೇ ನೋಡುತ್ತಾರೆ. ಒಡೆದದ್ದನ್ನು ಅವರ ಲೆಕ್ಕಕ್ಕೆ ಹಿಡಿಯಬೇಡ ಎಂದು ಹುಡುಗರಿಗೆ ಹೇಳಿಟ್ಟಿದ್ದೇನೆ.