ಬೈರಾಸು ಒಣಗಿಸುವ ಕಂಪ್ಯೂಟರು

ಕಂಪ್ಯೂಟರಿನೊಳಗೆ ಚಿತ್ರ, ವಿಡಿಯೋಗಳ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡಿನ ಬಿಸಿ ಇಳಿಸುವ ಉಪಾಯ ಹೇಳಿಕೊಡುವವರೆಲ್ಲ ಕೋಣೆಯ ಉಷ್ಣತೆ 25 ಡಿಗ್ರಿ ಇದೆಯೆಂದು ನಂಬಿಕೊಂಡೇ ಮಾತು ಆರಂಭಿಸುತ್ತಾರೆ. ಕಾಸರಗೋಡಿನ ಬದಿಯಡ್ಕದ ಕಡೆಯ ಮನೆಯೊಳಗೆ, ಮೇ ತಿಂಗಳ ಮಧ್ಯಾಹ್ನ, ಮಳೆ ಇಂದು ಬಂದೀತು ನಾಳೆ ಬಂದೀತು ಎಂದು ಬೆವರೊರೆಸಿಕೊಳ್ಳುವವರಿಗೆ ಆ 25 ಡಿಗ್ರಿಯೆಂದರೆ ಧನುರ್ಮಾಸದ ಬೆಳಗಿನ ನೆನಪು ಮಾತ್ರ.

ನೀರಿನ ಕೂಲರ್ ಹಾಕಿಸಬೇಕೆಂದು ಅಂಗಡಿಯವರು ಸಲಹೆ ಕೊಟ್ಟರು. ಆ ನೀರು ಚಿಪ್‌ನ ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ, ರೇಡಿಯೇಟರು ಅದನ್ನು ಕೋಣೆಯ ಗಾಳಿಗೇ ಬಿಡುತ್ತದೆ. ಕೋಣೆಯೇ 34 ಡಿಗ್ರಿಯಲ್ಲಿ ಬೇಯುತ್ತಿರುವಾಗ ಚಿಪ್ ಅದಕ್ಕಿಂತ ತಣ್ಣಗಾಗುವುದು ಹೇಗೆ? ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟಾಗ ಬಿಸಿ ಇಳಿದದ್ದು ನಿಜ, ಆದರೆ ಹಲ್ಲಿಯೊಂದು ಒಳಗೆ ಸಂಸಾರ ಹೂಡಿತು. ಚಿಪ್ಪಿನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸತು ಹಚ್ಚಿದ್ದಾಯಿತು. ಕೊನೆಗೆ ಫಲ ಕೊಟ್ಟದ್ದು ಕಾಸಿನ ಖರ್ಚಿಲ್ಲದ ಉಪಾಯ: ಆರ್‌ಟಿಎಕ್ಸ್ 3060 ಕಾರ್ಡಿನ 170 ವ್ಯಾಟಿನ ವಿದ್ಯುತ್ ಬಳಕೆಯ ಮಿತಿಯನ್ನು ಮುಕ್ಕಾಲಿಗೆ ಇಳಿಸಿದೆ. ಯಕ್ಷಗಾನದ ವಿಡಿಯೋ ಸಿದ್ಧವಾಗುವುದು ತುಸು ತಡವಾದರೂ, ಫ್ಯಾನುಗಳ ಅಬ್ಬರ ಅಡಗಿ ಭಾಗವತರ ಪದ ಕಿವಿಗೆ ಬೀಳತೊಡಗಿತು.

ಇಷ್ಟಾದ ಮೇಲೂ ನಿನ್ನೆ ಕಾರ್ಡು 83 ಡಿಗ್ರಿ ಮುಟ್ಟಿ ತಾನಾಗಿಯೇ ವೇಗ ತಗ್ಗಿಸಿಕೊಂಡಿತು. ಮೇಜಿನ ಹಿಂದಕ್ಕೆ ಬಗ್ಗಿ ನೋಡಿದರೆ, ಬಿಸಿ ಗಾಳಿ ಹೊರಹೋಗುವ ಜಾಲರಿಗೆ ದೊಡ್ಡಪ್ಪನ ಒದ್ದೆ ಬೈರಾಸು!

ಬಚ್ಚಲೊಲೆಯ ಕೆಂಡದಲ್ಲಿ ಗೇರುಬೀಜ ಸುಟ್ಟು ತಿಂದು ಬೆಳೆದ ದೊಡ್ಡಪ್ಪನಿಗೆ, ಬಿಸಿಯೊಂದು ಸುಮ್ಮನೆ ಹಾಳಾಗುವುದನ್ನು ನೋಡಿ ಅಭ್ಯಾಸವಿಲ್ಲ. ಕಳೆದ ವಾರ ಮೋಡ ಕವಿದಾಗಲಂತೂ ಅಂಗಳದ ಚಾಪೆಯಲ್ಲಿದ್ದ ಹಲಸಿನ ಹಪ್ಪಳಗಳು ವಲಸೆ ಬಂದು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಸಾಲಾಗಿ ಮಲಗಿದ್ದವು. ಅದು ಗಾಳಿ ಹೋಗುವ ದಾರಿಯೆಂದು ನಾನು ವಿವರಿಸಿದೆ. “ಗಾಳಿ ಹೋಗುವುದಕ್ಕೇ ಅಲ್ಲವೋ ಮಾರಾಯ, ಹಪ್ಪಳ ಒಣಗುವುದು?” ಎಂದರು. ತರ್ಕದಲ್ಲಿ ಲೋಪವಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಒಂದೊಂದನ್ನೇ ಮಗುಚಿ, ಅಂಚು ಮುಟ್ಟಿ ನೋಡಿ, ಕೆಲಸ ಮುಗಿದು ಫ್ಯಾನು ನಿಧಾನವಾದೊಡನೆ ನನ್ನತ್ತ ತಿರುಗಿ, “ಇನ್ನೊಂದು ವಿಡಿಯೋ ಹಾಕು, ಮಧ್ಯದ್ದು ಇನ್ನೂ ಹಸಿ ಇದೆ” ಎಂದು ಅಪ್ಪಣೆ ಮಾಡಿದರು.

ದೊಡ್ಡಮ್ಮ ಇದ್ದ ಕಾಲದಲ್ಲಿ ಕಾಗೆ ಓಡಿಸುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. ಈಗ ತೊಳೆ ಬಿಡಿಸುವುದರಿಂದ ಒಣಗಿಸುವವರೆಗೆ ಅವರೊಬ್ಬರೇ. ಗದರಲು ಬಾಯಿ ಬರುವುದಿಲ್ಲ.

ಹಾಗೆಂದು ಕಾರ್ಡನ್ನು ಬಲಿ ಕೊಡಲಾದೀತೇ? ಜಾಲರಿಯಿಂದ ಎರಡು ಗೇಣು ದೂರದಲ್ಲಿ ಹಗ್ಗ ಕಟ್ಟಿಕೊಟ್ಟಿದ್ದೇನೆ. ಅಷ್ಟು ದೂರಕ್ಕೆ ಕಾವು ಸಾಲದು, ಯಂತ್ರದ ಉರಿ ಸ್ವಲ್ಪ ಜಾಸ್ತಿ ಮಾಡಬೇಕು ಎಂಬುದು ಇಂದು ಬೆಳಗ್ಗಿನಿಂದ ದೊಡ್ಡಪ್ಪನ ದೂರು.